ಬನಿಯನ್ನಿನ ತೂತು

ಅಷ್ಟೆಲ್ಲ ರಾದ್ಧಾಂತಕ್ಕೂ ಮೂಲ ಒಂದು ಬನಿಯನ್ನಿನ ತೂತು.

ಆಗ ಟಾಕೀಸಿನಲ್ಲಿ ಮಿಷನ್ನು ಒಂದೇ. ಒಂದು ರೀಲು ಮುಗಿದರೆ ದೀಪ ಹತ್ತುತ್ತಿತ್ತು. ಮುಂದಿನದನ್ನು ಏರಿಸುವತನಕ ಜನ ಬೆಂಚಿನ ಮೇಲೆ ಕಾಲು ಚಾಚಿ ಹರಟುತ್ತಿದ್ದರು. ಕಾಲವೇ ಹಾಗಿತ್ತು, ಯಾರಿಗೂ ಅವಸರವಿರಲಿಲ್ಲ. ಮಿಷನ್ನು ನಡೆಸುವವನನ್ನು ಎಲ್ಲರೂ ರೀಲಣ್ಣ ಅಂತಲೇ ಕರೆಯುವುದು. ಹಿಂದೊಮ್ಮೆ ಅವನು ರೀಲು ಅದಲುಬದಲು ಮಾಡಿ, ಸತ್ತ ನಾಯಕ ಎದ್ದುಬಂದು ಮದುವೆಯಾಗಿದ್ದ. ಯಜಮಾನರು ಅಂದೇ ಹೇಳಿದ್ದರು: “ಇನ್ನೊಂದ್ ಸಲ ತಪ್ಪಿದ್ರೆ ಮನೇಲಿ ಕೂತ್ಕೋ, ಅಷ್ಟೇ.”

ಆ ಮಧ್ಯಾಹ್ನದ ಹೊಸ ಚಿತ್ರದಲ್ಲಿ ಒಬ್ಬ ಗುಮಾಸ್ತ. ಏಳುತ್ತಾನೆ, ಹಲ್ಲುಜ್ಜುತ್ತಾನೆ, ಬಸ್ಸಿಗೆ ಜೋತುಬೀಳುತ್ತಾನೆ, ಕಾಗದಕ್ಕೆ ಸೀಲು ಒತ್ತುತ್ತಾನೆ, ಬಂದು ಮಲಗುತ್ತಾನೆ. ಮೊದಲ ರೀಲು ಮುಗಿಯಿತು. ಎರಡನೆಯದು ಶುರುವಾಯಿತು. ಏಳುತ್ತಾನೆ, ಹಲ್ಲುಜ್ಜುತ್ತಾನೆ.

“ಲೇ ರೀಲಣ್ಣ, ಮತ್ತೆ ಅದನ್ನೇ ಹಾಕಿದ್ಯಲ್ಲೋ” ಎಂದು ಮುಂದಿನ ಬೆಂಚಿನಿಂದ ದರ್ಜಿ ಕೂಗಿದ. ಸಿಳ್ಳೆ, ಕಾಲು ಕುಟ್ಟಾಟ. ಯಜಮಾನರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿಬಂದರು.

ರೀಲಣ್ಣ ತಡಬಡಿಸಿ ಎದ್ದ. ಡಬ್ಬ ನೋಡಿದ, ಎರಡನೆಯದೇ. ಕಿಂಡಿಯಲ್ಲಿ ಪರದೆ ನೋಡಿದ. ಗುಮಾಸ್ತ ಬೆನ್ನು ತಿರುಗಿಸಿ ನಿಂತಿದ್ದ. ರೀಲಣ್ಣ ಕಿಂಡಿಯಲ್ಲೇ ಮೂತಿ ತೂರಿಸಿ ಕೂಗಿದ.

“ಬನಿಯನ್ ತೂತು ನೋಡ್ರಪ್ಪಾ. ಆಗ ಕಡಲೆಕಾಳಷ್ಟಿತ್ತು, ಈಗ ನಿಂಬೆಹಣ್ಣಷ್ಟಾಗಿದೆ. ಅವನ ಬದುಕು ದಿನಾ ಅದೇ, ಬಟ್ಟೆ ಮಾತ್ರ ಸವೀತಿದೆ.”

ದರ್ಜಿ ಪರದೆಯ ಹತ್ತಿರ ಹೋಗಿ ಬಗ್ಗಿ ನೋಡಿಬಂದ. “ಹೌದು ಕಣ್ರೋ, ಬೇರೆ ರೀಲೇ.”

ಕೆಲವರು ಮೆಲ್ಲಗೆ ತಮ್ಮ ಬೆನ್ನನ್ನೇ ಸವರಿಕೊಂಡರು. ಯಜಮಾನರು ರೀಲಣ್ಣನ ಭುಜ ತಟ್ಟಿದರು. ಎರಡನೆಯದು ಮುಗಿದಾಗ ರೀಲಣ್ಣ ಆ ಹಿಗ್ಗಿನಲ್ಲೇ ಮುಂದಿನದನ್ನು ಏರಿಸಿದ. ಗುಮಾಸ್ತ ಎದ್ದ.

“ತೂತು ಚಿಕ್ಕದಾಯ್ತಲ್ಲ” ಅಂದ ದರ್ಜಿ.

ರೀಲಣ್ಣ ತಿರುಗಿ ನೋಡಿದರೆ ಮೂರನೆಯ ಡಬ್ಬ ಮುಚ್ಚಿದ ಹಾಗೇ ಕೂತಿತ್ತು. ಮಿಷನ್ನಿನ ಮೇಲೆ ತಿರುಗುತ್ತಿದ್ದದ್ದು ಆಗಲೇ ಹಿಂದಕ್ಕೆ ಸುತ್ತಿಟ್ಟಿದ್ದ ಮೊದಲ ರೀಲು. ಯಜಮಾನರ ಕತ್ತು ನಿಧಾನಕ್ಕೆ ಅವನ ಕಡೆ ತಿರುಗಿತು.

ಅಷ್ಟರಲ್ಲಿ ಹೆಂಗಸರ ಬೆಂಚಿನಿಂದ ಒಂದು ಪರಿಚಯದ ದನಿ: “ಚಿಕ್ಕದಾಗದೆ ಇನ್ನೇನು? ಹೆಂಡ್ತಿ ಹೊಲಿದಿರ್ತಾಳೆ. ಗಂಡಸರ ಕಣ್ಣಿಗೆ ಅದೆಲ್ಲಿ ಕಾಣಿಸ್ಬೇಕು.”

ರೀಲಣ್ಣನ ಹೆಂಡತಿಯೇ. ಅವಳ ಸುತ್ತ ಮೂಗೆಳೆದುಕೊಳ್ಳುವ ಸದ್ದು, ಅಯ್ಯೋ ಪಾಪ ಎನ್ನುವ ಉಸಿರು.

“ಒಳ್ಳೇ ಕೈ” ಎಂದು ದರ್ಜಿ ತಲೆದೂಗಿದ. “ಹೊಲಿದದ್ದು ಗೊತ್ತೇ ಆಗಲ್ಲ.”

ಯಜಮಾನರು ಕಣ್ಣೊರೆಸಿಕೊಂಡರು. “ಎಂಥಾ ಪಿಕ್ಚರ್ ಕಣಯ್ಯಾ. ಎಲ್ಲಾ ಆಟಕ್ಕೂ ಹೀಗೇ ಹಾಕು.”

ಚಿತ್ರ ಎತ್ತುವತನಕ ರೀಲಣ್ಣ ಪ್ರತಿ ಆಟಕ್ಕೂ ಮೊದಲ ರೀಲನ್ನು ಸುತ್ತಿದ, ಏರಿಸಿದ, ಮತ್ತೆ ಸುತ್ತಿದ. ಏಳುತ್ತಿದ್ದ, ಹಲ್ಲುಜ್ಜುತ್ತಿದ್ದ, ಟಾಕೀಸಿಗೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ತನ್ನದೇ ಬನಿಯನ್ನು ಹೆಂಡತಿಯ ಮುಂದೆ ಹಿಡಿದ. ತೂತಿನಲ್ಲಿ ಅವನ ಮುಷ್ಟಿಯೇ ಹೋಗುತ್ತಿತ್ತು.

“ಇದನ್ನೊಂಚೂರು ಹೊಲಿದುಕೊಡೇ.”

“ನಾನ್ಯಾಕೆ ಹೊಲೀಲಿ?” ಅಂದಳು ಅವಳು, ತಲೆ ಎತ್ತದೆ. “ಮೊದಲ್ನೇ ರೀಲು ಸುತ್ತಿ ಹಾಕ್ಕೊಳ್ಳಿ. ತಾನಾಗೇ ಮುಚ್ಕೊಳ್ಳುತ್ತೆ.”