ಪರದೆ ಅಂಗಡಿಯ ಅಸಲಿ ಪುಟ

"ಭಾನುವಾರ ಊಟದೊಳಗೆ ನಿನ್ನ ವೆಬ್‌ಸೈಟ್ ಸರಿಮಾಡದಿದ್ದರೆ, ನನ್ನ ಪದವಿ ಪ್ರಮಾಣಪತ್ರ ಕತ್ತರಿಸಿ ಪರದೆಗೆ ಲೈನಿಂಗ್ ಹಾಕು!"

ನನ್ನ ಈ ಭೀಷಣ ಪ್ರತಿಜ್ಞೆಗೆ ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯನ್ನೂ ಎತ್ತಲಿಲ್ಲ.

"ನನ್ನ ತಮ್ಮನ್ನ ಕೇಳೋಣ ರೀ. ಅವನ ಕಸುಬೇ ಅದು."

"ರಸಾಯನಶಾಸ್ತ್ರ ಓದಿದವನಿಗೆ ವೆಬ್‌ಸೈಟ್ ಯಾವ ಲೆಕ್ಕ?"

"ಮಿಕ್ಸಿ ಬಿಚ್ಚೋವಾಗ್ಲೂ ಹೀಗೇ ಅಂದಿದ್ರಿ."

ಮಿಕ್ಸಿಯ ವಿಚಾರ ಇಲ್ಲಿ ಅಪ್ರಸ್ತುತ.

ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಪರದೆ ಅಂಗಡಿ. ಎದುರಿಗೆ ಹೊಸ ಅಪಾರ್ಟ್‌ಮೆಂಟ್ ಎದ್ದು, ಜನ ಆಗಷ್ಟೇ ಸಾಮಾನು ಇಳಿಸುತ್ತಿದ್ದರು. ಕಟ್ಟಡದ ತುಂಬ ಬೋಳು ಕಿಟಕಿಗಳು! ಇಂಥ ಅವಕಾಶ ಮತ್ತೆ ಬರುವುದಿಲ್ಲವೆಂದು ಅವಳು ತರಿಸಿದ ಬಟ್ಟೆಯ ಥಾನುಗಳು ನನ್ನ ಕುರ್ಚಿಯನ್ನೂ ಆಕ್ರಮಿಸಿದ್ದವು. ಆ ಜನ ಫೋನಿನಲ್ಲಿ 'ಪರದೆ' ಎಂದು ಹುಡುಕಿದರೆ ನಮ್ಮ ಅಂಗಡಿ ಕಾಣಿಸಬೇಕಿತ್ತು. ಕಾಣಿಸುತ್ತಿರಲಿಲ್ಲ.

ಕಾರಣ ನಾನೇ. ವೆಬ್‌ಸೈಟ್ ಕಟ್ಟಿದಾಗ ಒಂದೇ ಪರದೆಯ ಒಂದೊಂದು ಬಣ್ಣಕ್ಕೂ ಒಂದೊಂದು ಪುಟ ಮಾಡಿ, 'ನಿಮ್ಮ ಕೋಣೆಗೊಂದು ಮೃದುವಾದ ನೆಮ್ಮದಿ' ಎಂದು ಶುರುವಾಗುವ ನನ್ನ ಅಮೋಘ ವರ್ಣನೆಯನ್ನು ಎಲ್ಲದಕ್ಕೂ ಅಂಟಿಸಿದ್ದೆ. ಎಲ್ಲ ಸಾಕ್ಷಿಗಳೂ ಒಂದೇ ಪಾಠ ಒಪ್ಪಿಸಿದರೆ ನ್ಯಾಯಾಧೀಶರು ಯಾರನ್ನು ನಂಬಬೇಕು? ಸರ್ಚ್ ಎಂಜಿನ್ ಎಂಬ ಹುಡುಕುವ ಯಂತ್ರದ ಪಾಡೂ ಅದೇ.

ಪರಿಹಾರ ಓದಿಕೊಂಡೆ. ಪುಟದ ತಲೆಭಾಗದಲ್ಲಿ, ಓದುಗರಿಗೆ ಕಾಣದಂತೆ, ಒಂದೇ ಸಾಲು. ಹೆಸರು ಕೆನಾನಿಕಲ್.

"ಹಾಗಂದ್ರೆ?"

"ನೀಲಿ, ಹಸಿರು, ಹಳದಿ ಎಲ್ಲ ಪುಟಗಳೂ 'ನಾನು ನಕಲು, ಅಸಲಿ ಅಲ್ಲಿದೆ' ಅಂತ ಮುಖ್ಯ ಪರದೆ ಪುಟದ ಕಡೆ ಕೈ ತೋರಿಸ್ತವೆ ಕಣೇ. ಆಗ ಹುಡುಕೋ ಯಂತ್ರಕ್ಕೆ ಗೊಂದಲ ಇರಲ್ಲ."

"ತೋರಿಸೋದನ್ನ ಸರಿಯಾದ ಕಡೆ ತೋರಿಸಲಿ, ಸಾಕು."

ವಿಜ್ಞಾನಿಯಾದವನು ಬೆಲೆಬಾಳುವ ವಸ್ತುವಿನ ಮೇಲೆ ಮೊದಲ ಪ್ರಯೋಗ ಮಾಡುವುದಿಲ್ಲ. ಹಾಳಾದರೂ ಯಾರೂ ಅಳದ ಪುಟವೊಂದು ಬೇಕಿತ್ತು. ಪಕ್ಕದ ಮನೆಯಾಕೆಯ ಒತ್ತಾಯಕ್ಕೆ ಹೆಂಡತಿ ತುಂಡು ಬಟ್ಟೆಗಳಲ್ಲಿ ಬೆಕ್ಕಿಗೊಂದು ಹಾಸಿಗೆ ಹೊಲಿದಿದ್ದಳು. ಅದಕ್ಕೂ ಒಂದು ಪುಟವಿತ್ತು. ಅಲ್ಲಿ ಆ ಸಾಲನ್ನು, ಅದೇ ಪುಟದ ವಿಳಾಸದೊಂದಿಗೆ, ಬರೆದು ಪರೀಕ್ಷಿಸಿದೆ. ಪ್ರಯೋಗ ಯಶಸ್ವಿ! ಅದೇ ಸಾಲನ್ನು ಎತ್ತಿ, ಎಲ್ಲ ಪುಟಗಳಿಗೂ ಸೇರಿದ ಸಾಮಾನ್ಯ ತಲೆಭಾಗಕ್ಕೆ ಹಾಕಿ, ಊಟಕ್ಕೆ ಮುಂಚೆಯೇ ಕೈ ತೊಳೆದುಕೊಂಡೆ.

ಕೆಲವು ದಿನ ಕಳೆದು ಫೋನು ಬಡಿದುಕೊಳ್ಳತೊಡಗಿತು. ನಾನು ಮೀಸೆ ತಿರುವಿದೆ.

"ಬೆಕ್ಕಿನ ಹಾಸಿಗೆ ಅಂಗಡಿನಾ?"

ಹೆಂಡತಿ ನನ್ನತ್ತ ನೋಡಿದಳು. ನಾನು ಸೂರು ನೋಡಿದೆ. ಮತ್ತೊಂದು ಕರೆ.

"ನಮ್ದು ಸ್ವಲ್ಪ ದಪ್ಪ ಬೆಕ್ಕು ಮೇಡಂ, ತಡೆಯುತ್ತಾ?"

ಮೂರನೆಯದು ಎದುರಿನ ಅಪಾರ್ಟ್‌ಮೆಂಟಿನಿಂದ.

"ನಮ್ಮ ಬೆಕ್ಕು ಕಿಟಕಿ ಪಕ್ಕಾನೇ ಮಲಗೋದು."

"ಆ ಕಿಟಕಿಗೆ ಪರದೆ ಬೇಡ್ವಾ?" ಹೆಂಡತಿ ಆಸೆಯಿಂದ ಕೇಳಿದಳು.

"ಅಯ್ಯೋ, ಬೇಕಿತ್ತು. ನೀವು ಬೆಕ್ಕಿಗೆ ಮಾತ್ರ ಹೊಲಿಯೋರು ಅಂದ್ಕೊಂಡು ನಿನ್ನೆ ತಾನೇ ಬೇರೆಯವರಿಗೆ ಹೇಳಿಬಿಟ್ವಲ್ಲ!"

ಅವಳು ಫೋನಿಟ್ಟು ನನ್ನ ಮುಂದೆ ಬಂದು ನಿಂತಳು. ಕತ್ತಿನಲ್ಲಿ ಟೇಪು, ಕೈಯಲ್ಲಿ ಕತ್ತರಿ.

"ನಿಮ್ಮ ಸರ್ಟಿಫಿಕೇಟ್ ಎಲ್ಲಿದೆ?"

ತಕ್ಷಣ ಬಾಮೈದನಿಗೆ ಫೋನ್ ಮಾಡಿದೆ. ಅವನು ನೋಡಿದ, ನಕ್ಕ, ಕೆಮ್ಮಿದ, ಮತ್ತೆ ನಕ್ಕ.

"ಭಾವ, ವಿಳಾಸ ಬದಲಾಯಿಸದೆ ಎಲ್ಲ ಪುಟಗಳ ತಲೆ ಮೇಲೂ ಬೆಕ್ಕನ್ನ ಕೂರಿಸಿದ್ದೀರಿ! ಅಂಗಡಿಯಲ್ಲಿ ಬೆಕ್ಕಿನ ಹಾಸಿಗೆ ಒಂದೇ ಅಸಲಿ, ಪರದೆಗಳೆಲ್ಲ ಅದರ ನಕಲು ಅಂತ ನೀವೇ ಬರೆದುಕೊಟ್ಟಂಗಾಯ್ತು."

"ಬರೆದ ಮಾತ್ರಕ್ಕೆ ನಂಬೋದಾ? ಬೆಕ್ಕು ಯಾವುದು, ಪರದೆ ಯಾವುದು ಅಂತ ಆ ಯಂತ್ರಕ್ಕೆ ತಿಳಿಯಲ್ವೇನಯ್ಯಾ?"

"ಹೇಗೆ ತಿಳಿಯುತ್ತೆ? ಬೆಕ್ಕಿಗೂ ನೀವು 'ಮೃದುವಾದ ನೆಮ್ಮದಿ'ನೇ ಕೊಟ್ಟಿದ್ದೀರಲ್ಲ!"

ಅವನು ಹೇಳಿದಂತೆ, ಬಾಯಿ ಮುಚ್ಚಿಕೊಂಡು, ತಿದ್ದಿದೆ. ಬಣ್ಣದ ಪುಟಗಳು ಪರದೆಯ ಕಡೆಗೆ, ಬೆಕ್ಕು ಬೆಕ್ಕಿನ ಕಡೆಗೆ. ಆದರೆ ಹುಡುಕುವ ಯಂತ್ರ ಮತ್ತೆ ಯಾವಾಗ ಬಂದು ನೋಡುವುದೋ, ಅದರ ಇಷ್ಟ. ಎದುರಿನ ಕಿಟಕಿಗಳು ಅಲ್ಲಿಯವರೆಗೆ ಕಾಯುತ್ತವೆಯೇ? ಆಗಲೇ ಕೆಲವಕ್ಕೆ ಯಾರದೋ ಪರದೆಗಳು ಬಂದು, ನಮ್ಮನ್ನು ಅಣಕಿಸುವಂತೆ ಹಾರಾಡುತ್ತಿದ್ದವು.

"ಏಳಿ," ಎಂದಳು. "ಅವರು ಹುಡುಕೋದು ಬೇಡ. ನಾವೇ ಹೋಗೋಣ."

ಅವಳು ಮುಂದೆ. ತೋಳಿನ ತುಂಬ ಬಟ್ಟೆಯ ಮಾದರಿಗಳನ್ನು ಹೊತ್ತ ರಸಾಯನಶಾಸ್ತ್ರ ಹಿಂದೆ. ಮಹಡಿ ಮಹಡಿ ಹತ್ತಿ ಬಾಗಿಲು ತಟ್ಟಿದೆವು. ಕೆಲವರು ಬೇಡವೆಂದರು, ಕೆಲವರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಅವಳನ್ನು ಒಳಗೆ ಕರೆದು ಅಳತೆ ಕೊಟ್ಟರು. ಸಂಜೆಯ ಹೊತ್ತಿಗೆ ಅವಳ ಮುಖ ಸ್ವಲ್ಪ ಸಡಿಲವಾಗಿತ್ತು.

ಕೊನೆಯ ಮಹಡಿಯಲ್ಲಿ ಬಾಗಿಲು ತೆರೆದ ಹಿರಿಯರು ನನ್ನನ್ನೇ ಯಜಮಾನನೆಂದು ತಿಳಿದರು.

"ಅಂಗಡಿ ನಿಮ್ದೇನಾ? ಈ ಬಟ್ಟೆ ಬಿಸಿಲಿಗೆ ಬಣ್ಣ ಬಿಡುತ್ತಾ?"

ಬಣ್ಣಗಳ ರಸಾಯನದ ಬಗ್ಗೆ ನನ್ನ ನಾಲಿಗೆಯ ತುದಿಯಲ್ಲಿ ಇಡೀ ಉಪನ್ಯಾಸವೇ ಸಿದ್ಧವಿತ್ತು. ಪಕ್ಕಕ್ಕೆ ನೋಡಿದೆ. ಉಪನ್ಯಾಸವನ್ನು ನುಂಗಿ, ಮಾದರಿಗಳ ರಾಶಿಯಡಿಯಿಂದ ಕಷ್ಟಪಟ್ಟು ಒಂದು ಕೈ ಬಿಡಿಸಿಕೊಂಡು ಹೆಂಡತಿಯ ಕಡೆ ತೋರಿಸಿದೆ.

"ನಾನು ನಕಲು ಸಾರ್. ಅಸಲಿ ಅಲ್ಲಿದೆ."

ಅವಳು ಟೇಪು ಬಿಚ್ಚುತ್ತಾ ಒಳಗೆ ನಡೆದಳು.

"ಅಬ್ಬಾ! ಈಗ ಸರಿಯಾದ ಕಡೆ ತೋರಿಸಿದ್ರಿ."