ಮಂಡಕ್ಕಿ ಭಟ್ಟಿ ದಿವಾಳಿ ಎದ್ದಾಗ

ಬಡವರ ಜೊತೆ ಕೋರ್ಟಿಗೆ ಅಲೆಯುವವನಿಗೆ ಸಿಟ್ಟಿಗೂ ಬರವಿಲ್ಲ, ನಗುವಿಗೂ ಬರವಿಲ್ಲ. ಕಾನೂನನ್ನು ಇಂಗ್ಲಿಷಿನಲ್ಲಿ ಬಚ್ಚಿಟ್ಟರೆ ಇನ್ನೇನಾಗುತ್ತದೆ? ನಾನು ದಿವಾಳಿ ಕಾಯಿದೆ ಕಲಿತದ್ದು ರದ್ದಿ ಅಂಗಡಿಯ ಪುಸ್ತಕದಿಂದ, ವಕೀಲರ ಗುಮಾಸ್ತನ ತಲೆ ತಿಂದು.

೧. ಹಾಸಿಗೆ

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟಿದ್ದ ಗೆಳೆಯ, ಹರಿಹರದ ಭಾವಮೈದುನನ ಬಟ್ಟೆ ಅಂಗಡಿಗೆ ಜಾಮೀನು ನಿಂತಿದ್ದ. ಅಂಗಡಿ ಮುಳುಗಿತು. ಭಾವಮೈದುನ ಊರು ಬಿಟ್ಟ. ಸಾಲ ಕೊಟ್ಟವರು ಇವನ ಕುತ್ತಿಗೆಗೆ ಬಿದ್ದರು. "ದಿವಾಳಿ ಅರ್ಜಿ ಹಾಕು" ಅಂದೆ.

ಕೋರ್ಟಿಗೆ ಹೆಂಡತಿಯೊಡನೆ ಬಂದವನ ಕಂಕುಳಲ್ಲಿ ಹಾಸಿಗೆ ಸುರುಳಿ!

"ಇದ್ಯಾಕೋ?"

"ಜೈಲಿನಾಗೆ ಹಾಸಿಗೆ ಕೊಡ್ತಾರೇನಣ್ಣ?"

ಜೈಲಲ್ಲವೋ ಮಾರಾಯ, ಎಂದು ತಿಳಿಸಿ ಹೇಳಿದೆ. ಇದ್ದದ್ದನ್ನು ಮುಚ್ಚಿಡದೆ ಒಪ್ಪಿಸಬೇಕು. ಕೋರ್ಟು ನೇಮಿಸಿದ ರಿಸೀವರ್ ಅದನ್ನು ಮಾರಿ, ಸಾಲ ಕೊಟ್ಟವರಿಗೆಲ್ಲ ಅವರವರ ಪಾಲು ಹಂಚುತ್ತಾರೆ. ಪ್ರಾಮಾಣಿಕನಾಗಿದ್ದರೆ ಉಳಿದ ಸಾಲದಿಂದ ಬಿಡುಗಡೆ.

ನ್ಯಾಯಾಧೀಶರು ಅವನನ್ನು ದಿವಾಳಿ ಎಂದು ಘೋಷಿಸಿ ಎಚ್ಚರಿಸಿದರು: "ಬಿಡುಗಡೆ ಆಗುವವರೆಗೆ ಯಾರ ಹತ್ತಿರ ದೊಡ್ಡ ಸಾಲ ಕೇಳಿದರೂ, ನಾನು ದಿವಾಳಿ ಅಂತ ಮೊದಲು ಹೇಳಬೇಕು." ಹೆಂಡತಿ ಹಿಂದೆ ನಿಂತು ಕಿವಿಗೊಟ್ಟು ಕೇಳಿದಳು.

"ಹಾಸಿಗೆ ಮನೆಗೆ ಒಯ್ಯಪ್ಪ" ಎಂದರು ನ್ಯಾಯಾಧೀಶರು. "ಅದನ್ನು ಕಾನೂನೂ ಮುಟ್ಟುವಂತಿಲ್ಲ."

೨. ಬಾಣಲೆ

ಆಸ್ತಿ ಬರೆದುಕೊಳ್ಳಲು ರಿಸೀವರ್ ಭಟ್ಟಿಗೆ ಬಂದರು. ಬೆನ್ನಿಗೇ ಹರಿಹರದ ಸಾವ್ಕಾರ. ಸಾಲ ಕೊಟ್ಟವರಲ್ಲಿ ದೊಡ್ಡವನು, ಹೊಟ್ಟೆಯಲ್ಲೂ ದೊಡ್ಡವನು. ಗಾಡಿ, ಭತ್ತದ ಚೀಲ ಎಲ್ಲವನ್ನೂ ಹೆಂಡತಿಯೇ ತೋರಿಸಿದಳು. ಮಂಡಕ್ಕಿ ಹುರಿಯುವ ಬಾಣಲೆಯ ಮುಂದೆ ಮಾತ್ರ ಅಡ್ಡ ನಿಂತಳು. ಅದು ಹೋದರೆ ಮಕ್ಕಳಿಗೆ ಗಂಜಿಯಿಲ್ಲ.

"ಅಡುಗೆ ಪಾತ್ರೆ, ಕಸುಬಿನ ಸಲಕರಣೆ ಮುಟ್ಟಂಗಿಲ್ಲ!" ಎಂದು ನಾನು ಪುಸ್ತಕ ಬಿಚ್ಚಿ ಕೂಗಾಡಿದೆ.

"ಅಡುಗೆ ಪಾತ್ರೆ ಇಷ್ಟು ದೊಡ್ಡದಿರತೈತೇನ್ರಿ? ಇದು ಕಾರ್ಖಾನೆ ಸಾಮಾನು. ಬರ್ಕೊಳ್ರಿ!" ಎಂದ ಸಾವ್ಕಾರ.

ರಿಸೀವರ್ ಪೆನ್ನು ಕಚ್ಚುತ್ತ ನಿಂತರು. ಆಕೆ ಅದೇ ಬಾಣಲೆಯ ಬಿಸಿ ಮಂಡಕ್ಕಿಗೆ ಎಣ್ಣೆ, ಖಾರ, ಈರುಳ್ಳಿ ಕಲಸಿ ಸಾವ್ಕಾರನ ಮುಂದಿಟ್ಟಳು. "ಬಿಸಿಲಾಗೆ ಬಂದೀರಿ, ಕೂಡ್ರಿ." ತಟ್ಟೆ ಖಾಲಿಯಾಯಿತು. ಮತ್ತೆ ಚಾಚಿದ.

"ಹಾಕ್ತೀನ್ರಿ. ಅಡಿಗೆ ಹೆಂಗೈತೆ?"

"ಅಡಿಗೆ ಭಾಳ ರುಚಿ ಐತಮ್ಮ!"

ರಿಸೀವರ್ ಪೆನ್ನು ಮುಚ್ಚಿ ಜೇಬಿಗಿಟ್ಟರು.

೩. ಉದ್ರಿ

ಗಾಡಿ, ಭತ್ತ ಮಾರಿದ ಹಣ ಹಂಚಿಹೋಯಿತು. ಇವರು ಏನನ್ನೂ ಮುಚ್ಚಿಟ್ಟಿಲ್ಲವೆಂದು ರಿಸೀವರ್ ವರದಿ ಕೊಟ್ಟರು, ಬಿಡುಗಡೆ ಸಿಕ್ಕಿತು. ಎಷ್ಟೋ ಸಭೆಗಳಲ್ಲಿ ಗಂಟಲು ಹರಿದುಕೊಂಡಿದ್ದೇನೆ. ಆಕೆಯಷ್ಟು ರುಚಿಯಾಗಿ ಕಾನೂನನ್ನು ಯಾರಿಗೂ ತಿನ್ನಿಸಿಲ್ಲ.

ಮುಂದಿನ ವರ್ಷ ಅದೇ ಸಾವ್ಕಾರ ಭಟ್ಟಿಗೆ ಬಂದ. "ಮಗಳ ಮದುವಿ ಐತಮ್ಮ. ಹತ್ತು ಚೀಲ ಮಂಡಕ್ಕಿ ಕಳಿಸು. ಉದ್ರಿ ಬರ್ಕೊ, ರೊಕ್ಕ ಆಮೇಲೆ."

ಆಕೆ ಸೆರಗು ಸಿಕ್ಕಿಸಿಕೊಂಡು, ನ್ಯಾಯಾಧೀಶರ ಹಾಗೆಯೇ ಗಂಭೀರವಾಗಿ ಕೇಳಿದಳು:

"ಕಳಿಸ್ತೀನ್ರಿ ಸಾವ್ಕಾರ್ರೆ. ಆದ್ರೆ ಕಾನೂನೈತೆ, ಮೊದ್ಲು ಹೇಳಿಬಿಡ್ರಿ: ನೀವೇನೂ ದಿವಾಳಿ ಎದ್ದಿಲ್ಲ ತಾನೆ?"