ನನ್ನ ಟ್ಯಾಂಗೊ, ಮಂಜುಳೆಯ ಓಟ

ಟ್ಯಾಂಗೊ ಕುಣಿತದಲ್ಲಿ ನಾನು ಹುಟ್ಟು ಪ್ರತಿಭೆ ಎಂಬುದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಹೊಸ ಕೆಲಸಗಾರರಿಗೆ ತರಬೇತಿ ಕೊಡುತ್ತ ಈ ಪ್ರತಿಭೆಗೆ ತುಕ್ಕು ಹಿಡಿಸಿದ್ದೆ. ಈ ಸಲ ಕಾರ್ಖಾನೆಯ ಫ್ಯಾಮಿಲಿ ಡೇಗೆ ದಂಪತಿಗಳ ಟ್ಯಾಂಗೊ ನೃತ್ಯ ಇಡಬೇಕೆಂದು ಮೇಲಿನವರು ತೀರ್ಮಾನಿಸಿ, ಬೆಂಗಳೂರಿನಿಂದ ಒಬ್ಬ ಟೀಚರಮ್ಮನನ್ನು ಕರೆಸಿದರು.

ಟ್ಯಾಂಗೊದಲ್ಲಿ ಗಂಡ ಮುನ್ನಡೆಸಬೇಕು. ಅವನ ಎದೆ ತಿರುಗಿದ ಕಡೆ ಹೆಂಡತಿ ಹೆಜ್ಜೆ ಇಡಬೇಕು. ಇಷ್ಟು ವರ್ಷದ ಸಂಸಾರದಲ್ಲಿ ಸಿಗದ ಅಧಿಕಾರ ಪುಕ್ಕಟೆ ಸಿಗುತ್ತಿದೆ ಎಂದು ತಕ್ಷಣ ಹೆಸರು ಕೊಟ್ಟೆ!

ಹೊಸೂರಿನ ಹತ್ತಿರದ ಬೇರಿಕೆ ಊರಿನವಳಾದ ನನ್ನ ಹೆಂಡತಿ ಮಂಜುಳ ಮಾತ್ರ ಬರುವುದಿಲ್ಲ ಎಂದಳು. ಅವಳ ತಮ್ಮನೂ ಅದೇ ಕಾರ್ಖಾನೆಯಲ್ಲಿದ್ದಾನೆ. ತಮ್ಮನ ಹೆಂಡತಿಯ ಮುಂದೆ ನಗೆಪಾಟಲಾಗುತ್ತೇನೆ ಎಂಬ ಭಯ ಅವಳಿಗೆ.

"ನಾನಿದ್ದೀನಲ್ಲ, ನಿನ್ನ ಬೀಳಕ್ಕೆ ಬಿಡ್ತೀನಾ?" ಎಂದೆ.

ನಂಬಿ ಒಪ್ಪಿಕೊಂಡಳು, ಪಾಪ.

ತವರಿನಲ್ಲಿ ಟೊಮೆಟೊ ಕೀಳುವ ಕಾಲ, ಹಾಗಾಗಿ ಅವಳು ತರಗತಿಗೆ ಬಂದದ್ದು ಅಷ್ಟಕ್ಕಷ್ಟೆ. ನನಗೆ ಟೀಚರಮ್ಮನೇ ಜೋಡಿಯಾದರು. ನಾನು ಎಡಕ್ಕೆ ವಾಲಿದರೆ ಅವರು ಚೆಂದವಾಗಿ ಸುತ್ತುತ್ತಿದ್ದರು. ನಾನು ಮುಗ್ಗರಿಸಿದರೂ ಅದೊಂದು ಭಂಗಿಯಾಗುತ್ತಿತ್ತು. ನನ್ನ ತಪ್ಪುಗಳನ್ನೆಲ್ಲ ಅವರು ಸದ್ದಿಲ್ಲದೆ ಸರಿಮಾಡುತ್ತಿದ್ದಾರೆ ಎಂಬ ಸಂಶಯ ನನಗೆ ಎಳ್ಳಷ್ಟೂ ಬರಲಿಲ್ಲ. ಮಂಜುಳೆಗೆ ಬರುವುದು ನಡಿಗೆಯೊಂದೇ, ಅವಳ ಜೊತೆ ಅಷ್ಟನ್ನೇ ಮಾಡಿ ಎಂದು ಟೀಚರಮ್ಮ ಎಚ್ಚರಿಸಿದ್ದರು. ಆದರೆ ಕಲಾವಿದನಿಗೆ ಇಂಥ ಕಟ್ಟುಪಾಡು ಹಿಡಿಸುತ್ತದೆಯೇ?

ಫ್ಯಾಮಿಲಿ ಡೇ ದಿನ ವೇದಿಕೆಯ ಮೇಲೆ ಮೊದಲು ಚೆನ್ನಾಗಿಯೇ ನಡೆದೆವು. ಮುಂದಿನ ಸಾಲಿನಲ್ಲಿ ಮ್ಯಾನೇಜರು ತಲೆದೂಗಿದ್ದು ಕಂಡಿತು. ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು! ಮಂಜುಳೆಯನ್ನು ಗಿರ್ರನೆ ತಿರುಗಿಸಿದೆ. ಅವಳು ಹೇಗೋ ಸುಧಾರಿಸಿಕೊಂಡು, "ರೀ, ನಂಗಿದು ಬರಾಕಿಲ್ಲ, ಸುಮ್ನೆ ನಡೀರಿ" ಎಂದು ಪಿಸುಗುಟ್ಟಿದಳು.

ಕುಣಿಯುವಾಗ ಮಾತಾಡುವುದು ನಿಯಮಬಾಹಿರ. ಕಣ್ಣಲ್ಲೇ ಗದರಿಸಿ, ಅವಳನ್ನು ತೋಳಿನ ಮೇಲೆ ಹಿಂದಕ್ಕೆ ಬಾಗಿಸಿದೆ. ಟೀಚರಮ್ಮ ತಮ್ಮ ಭಾರವನ್ನು ತಾವೇ ಹೊತ್ತುಕೊಳ್ಳುತ್ತಿದ್ದರು ಎಂಬ ಸತ್ಯ ಆಗ ಗೊತ್ತಾಯಿತು. ಮಂಜುಳ ಕೆಳಗೆ, ಅವಳ ಸೆರಗು ತುಳಿದ ನಾನು ಅವಳ ಮೇಲೆ! ಬೀಳುವಾಗ ಆಸರೆಗೆಂದು ವೇದಿಕೆಯ ಹಿಂಬದಿಯ ಬ್ಯಾನರ್ ಹಿಡಿದಿದ್ದೆ. ಸುರಕ್ಷತೆಯೇ ಮೊದಲು ಎಂದು ತಮಿಳಿನಲ್ಲಿ ಬರೆದಿದ್ದ ಆ ಬ್ಯಾನರ್ ಕಿತ್ತು ಬಂದು ನಮ್ಮಿಬ್ಬರನ್ನೂ ಮುಚ್ಚಿತು.

"ಬಾವ, ಮೊದ್ಲು ಅಕ್ಕನ ಸೀರೆ ಮ್ಯಾಲಿಂದ ಕಾಲು ತೆಗೀರಿ" ಎಂದು ಭಾಮೈದ ಕೂಗಿದ್ದು ಕೇಳಿಸಿತು.

ಬ್ಯಾನರಿನ ಅಡಿಯಲ್ಲಿ ಮಂಜುಳೆಯ ಕಣ್ಣು ತುಂಬಿತ್ತು. "ನಿಮ್ಮ ಜೊತೆ ನಾನೆಲ್ಲಿ ಕುಣಿದೆ? ನಿಮ್ಮ ಹಿಂದೆ ಓಡಿ ಓಡಿ ಸಾಕಾಗೋಯ್ತು" ಎಂದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊಸಬರು ಬಂದಾಗ ಉತ್ಪಾದನೆಯ ಲೈನಿನ ವೇಗ ಇಳಿಸಬೇಕು, ಅವರ ಕೈ ನೋಡಿಕೊಂಡು ಕೆಲಸ ಕೊಡಬೇಕು ಎಂದು ಕಾರ್ಖಾನೆಯಲ್ಲಿ ದಿನಾ ಪಾಠ ಹೇಳುವವನು ನಾನೇ. ಹೆಂಡತಿಯ ವಿಷಯದಲ್ಲಿ ಅದು ನೆನಪಾಗಲಿಲ್ಲ. ಆಗ ಆದ ನಾಚಿಕೆ ಈಗಲೂ ಹೋಗಿಲ್ಲ.

ಟೀಚರಮ್ಮ ಅವಳನ್ನು ಎಬ್ಬಿಸಿ, ಸೆರಗು ಸರಿಪಡಿಸಿ, ತಾವೇ ಗಂಡಿನ ಜಾಗದಲ್ಲಿ ನಿಂತರು. ಬರೀ ನಡಿಗೆ. ಒಂದು ಹೆಜ್ಜೆ ಇಡುವುದು, ಅವಳ ಹೆಜ್ಜೆಗೆ ಕಾಯುವುದು. ಮಂಜುಳ ಎಷ್ಟು ಚೆನ್ನಾಗಿ ಕುಣಿದಳೆಂದರೆ ತಮ್ಮನ ಹೆಂಡತಿಯೇ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ನಾನು ಮೂಲೆಯಲ್ಲಿ ಬ್ಯಾನರ್ ಮಡಚುತ್ತಿದ್ದೆ.

ಮಾರನೆಯ ವಾರ ಸಂಕೋಚ ಬಿಟ್ಟು ಟೀಚರಮ್ಮನ ಮುಂದೆ ನಿಂತು, ಇನ್ನೊಂದು ಅವಕಾಶ ಕೊಡಿ ಎಂದು ಅಂಗಲಾಚಿದೆ. ಧಾರಾಳವಾಗಿ ಎಂದು, ನನ್ನ ಮಟ್ಟಕ್ಕೆ ತಕ್ಕ ಜೋಡಿಯನ್ನು ಅವರೇ ಹುಡುಕಿ ತಂದರು. ಕ್ಯಾಂಟೀನಿನ ಒಂದು ಪ್ಲಾಸ್ಟಿಕ್ ಕುರ್ಚಿ.

ಅದನ್ನೂ ಬೀಳಿಸಿದೆ.